ಸರ್ವರ್ ಲಾಗಿನ್ ಮಾಡಿಟ್ಟು ಮನೆಗೆ ಹೋಗಬೇಡಿ

ಹೇಳಿದ ಸಮಯಕ್ಕೆ ಕೆಲಸ ತಾನಾಗಿ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಎಲ್ಲಿದೆ, ಹೊಸ ಟಾಸ್ಕ್ ಮಾಡುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿದ್ದವರೇ 'ನಾನು ಲಾಗಿನ್ ಇಲ್ಲದಿದ್ದರೆ ಟಾಸ್ಕ್ ಯಾಕೆ ಓಡುವುದಿಲ್ಲ' ಅಂತ ಕೇಳುವುದು. ಕೇಳ್ತಾನೇ ಇದ್ದಾರೆ, ಅದಕ್ಕೇ ಈ ಸಲ ಇದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್. ಆಫೀಸಿನ ವಿಂಡೋಸ್ ಸರ್ವರ್‌ನಿಂದ ರಾತ್ರಿ 11ಕ್ಕೆ ಲೆಕ್ಕದ ಡೇಟಾ ಝಡ್ ಡ್ರೈವ್‌ಗೆ (ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಮಷೀನಿನ ಫೋಲ್ಡರ್) ಬ್ಯಾಕಪ್ ಆಗಬೇಕು. ನಾನು ಲಾಗಿನ್ ಇದ್ದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಕೆಲವು ಸಲ ಮನೆಗೆ ಹೋದ ಮೇಲೂ ಆಗಿರುತ್ತದೆ. ಕಂಪ್ಯೂಟರ್ ರಿಪೇರಿಯವರು "ಲಾಗಿನ್ ಮಾಡೇ ಬಿಡ್ರಿ, ಮಾನಿಟರ್ ಅಷ್ಟೇ ಆಫ್ ಮಾಡ್ರಿ" ಅಂತಾರೆ. ಏನ್ ಮಾಡ್ಲಿರಿ?

ಉತ್ತರ: ಮೊದಲು ಆ ರಿಪೇರಿಯವರ ಮಾತು ಬಿಡಿ. ಅದು ಪರಿಹಾರ ಅಲ್ಲ, ರೋಗ ಮುಚ್ಚಿಡುವುದು. ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ, ಇಲ್ಲವೇ ಅಪ್‌ಡೇಟ್ ಬಂದು ಸರ್ವರ್ ರೀಸ್ಟಾರ್ಟ್ ಆದರೆ, ಲಾಗಿನ್ ಇರುವವರು ಯಾರು? ಆಗ ಇನ್ನೊಬ್ಬರು ಬಂದು ಆಟೋ ಲಾಗಿನ್ ಮಾಡಿಕೊಡುತ್ತಾರೆ. ಅದನ್ನು ಕೈಯಾರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಹಾಕಿದರೆ ನಿಮ್ಮ ಪಾಸ್‌ವರ್ಡ್ ಅಲ್ಲೇ ಬಿಚ್ಚಿಟ್ಟ ಅಕ್ಷರಗಳಲ್ಲಿ ಕೂತಿರುತ್ತದೆ. ಮಿಲ್ಲಿನ ಲೆಕ್ಕ ಇರುವ ಸರ್ವರ್‌ನಲ್ಲಿ ಇದು ಬೇಕಾ?

"ಕೆಲವು ಸಲ ಆಗುತ್ತದೆ" ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ನೀವು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮುಗಿಸಿ ಮೂಲೆಯ ಇಂಟು ಗುರುತು ಒತ್ತಿದರೆ ಸೈನ್ ಔಟ್ ಆಗುವುದಿಲ್ಲ, ಸಂಪರ್ಕ ಮಾತ್ರ ಕಡಿಯುತ್ತದೆ. ಸೆಷನ್ ಸರ್ವರ್ ಒಳಗೆ ಹಾಗೇ ಇರುತ್ತದೆ. ವಿಂಡೋಸ್ ಪ್ರಕಾರ ನೀವು ಇನ್ನೂ ಲಾಗಿನ್ ಇದ್ದೀರಿ, ಟಾಸ್ಕ್ ಓಡುತ್ತದೆ. ಸರಿಯಾಗಿ ಸೈನ್ ಔಟ್ ಮಾಡಿದ ದಿನ ಓಡುವುದಿಲ್ಲ. ಶಿಸ್ತಿನವರಿಗೇ ತೊಂದರೆ, ನೋಡಿ.

ಟಾಸ್ಕ್ ತೆರೆದು ಜನರಲ್ ಟ್ಯಾಬ್‌ನಲ್ಲಿ 'ರನ್ ವೆದರ್ ಯೂಸರ್ ಈಸ್ ಲಾಗ್ಡ್ ಆನ್ ಆರ್ ನಾಟ್' ಆರಿಸಿ. ಅದರ ಕೆಳಗೆ 'ಡು ನಾಟ್ ಸ್ಟೋರ್ ಪಾಸ್‌ವರ್ಡ್' ಅಂತ ಒಂದು ಟಿಕ್ ಇದೆ. ಸುರಕ್ಷಿತ ಅಂದುಕೊಂಡು ಅದನ್ನು ಒತ್ತಬೇಡಿ. ಒತ್ತಿದರೆ ಟಾಸ್ಕ್ ಆ ಮಷೀನ್ ಒಳಗೆ ಮಾತ್ರ ಕೆಲಸ ಮಾಡುತ್ತದೆ, ನೆಟ್‌ವರ್ಕ್‌ನ ಫೋಲ್ಡರ್ ಮುಟ್ಟಲು ಆಗುವುದಿಲ್ಲ. ನಿಮ್ಮ ಬ್ಯಾಕಪ್ ಹೋಗುವುದೇ ನೆಟ್‌ವರ್ಕ್‌ಗೆ.

ಇಷ್ಟು ಮಾಡಿದ ಮೇಲೆ ಹೆಚ್ಚಿನವರು ಮತ್ತೆ ಬರೆಯುತ್ತಾರೆ: "ಈಗ ಟಾಸ್ಕ್ ಓಡ್ತಿದೆ, ಫೈಲ್ ಮಾತ್ರ ಬಂದಿಲ್ಲ." ಯಾಕೆ? ಝಡ್ ಡ್ರೈವ್ ಅನ್ನುವುದು ಸರ್ವರ್‌ನದ್ದಲ್ಲ, ನೀವು ಲಾಗಿನ್ ಆದಾಗ ನಿಮಗೋಸ್ಕರ ಹುಟ್ಟಿದ್ದು. ನಿಮ್ಮ ಮೊಬೈಲ್‌ನಲ್ಲಿ 'ಮಾವ' ಅಂತ ಸೇವ್ ಮಾಡಿದ ನಂಬರ್ ಇದ್ದ ಹಾಗೆ. ಇನ್ನೊಬ್ಬರ ಫೋನಿನಲ್ಲಿ 'ಮಾವ' ಅಂತ ಹುಡುಕಿದರೆ ಸಿಗುತ್ತದೆಯೇ? ನಂಬರೇ ಒತ್ತಬೇಕು. ಹಾಗೇ ಬ್ಯಾಚ್ ಫೈಲ್‌ನಲ್ಲಿ (ಟಾಸ್ಕ್ ಓಡಿಸುವ ಕಮಾಂಡ್‌ಗಳ ಫೈಲ್) ಝಡ್ ತೆಗೆದು ಪೂರ್ತಿ ವಿಳಾಸ ಬರೆಯಿರಿ: ಎರಡು ಬ್ಯಾಕ್‌ಸ್ಲ್ಯಾಶ್, ಆ ಮಷೀನಿನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ಡೊಮೇನ್ (ಎಲ್ಲಾ ಮಷೀನುಗಳ ಯೂಸರ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಆಫೀಸಾದರೆ ಟಾಸ್ಕ್ ಓಡಿಸುವ ಯೂಸರ್, ಅದೇ ಹೆಸರು ಅದೇ ಪಾಸ್‌ವರ್ಡ್‌ನಲ್ಲಿ ಆ ಕಡೆಯ ಮಷೀನಿನಲ್ಲೂ ಇರಲಿ. 'ಸಿಸ್ಟಮ್ ಅಕೌಂಟ್ (ವಿಂಡೋಸ್‌ನದ್ದೇ ಒಳ ಖಾತೆ) ಹಾಕಿ, ಎಲ್ಲಾ ಸರಿ ಹೋಗ್ತದೆ' ಅನ್ನುವವರ ಮಾತೂ ಕೇಳಬೇಡಿ. ಡೊಮೇನ್ ಇಲ್ಲದ ಕಡೆ ಅದನ್ನು ಪಕ್ಕದ ಮಷೀನ್ ಗುರುತೇ ಹಿಡಿಯುವುದಿಲ್ಲ.

ಇನ್ನು ಟಾಸ್ಕ್‌ನ ಆಕ್ಷನ್ಸ್ ಟ್ಯಾಬ್‌ನ ಒಳಗಿನ 'ಸ್ಟಾರ್ಟ್ ಇನ್' ಎಂಬ ಖಾನೆ. ಖಾಲಿ ಬಿಟ್ಟರೆ ಬ್ಯಾಚ್ ಫೈಲ್ ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲಿ ನಿಂತು ನಿಮ್ಮ ಫೈಲ್ ಹುಡುಕುತ್ತದೆ. ನಿಮ್ಮ ಫೈಲ್ ಇರುವ ಫೋಲ್ಡರ್‌ನ ದಾರಿ ಬರೆಯಿರಿ, ನಡುವೆ ಖಾಲಿ ಜಾಗ ಇದ್ದರೂ ಉದ್ಧರಣ ಚಿಹ್ನೆ ಹಾಕಬೇಡಿ.

ಪರೀಕ್ಷೆ ಹೀಗೆ ಮಾಡಿ. ಬ್ಯಾಚ್ ಫೈಲ್‌ನ ಮೊದಲ ಸಾಲಿನಲ್ಲಿ 'ಹೂಆಮ್ಐ' (whoami) ಕಮಾಂಡ್ ಇರಲಿ, ಯಾರ ಹೆಸರಲ್ಲಿ ಓಡುತ್ತಿದೆ ಅಂತ ಗೊತ್ತಾಗುತ್ತದೆ. ಪ್ರತಿ ಸಾಲಿನ ಕೊನೆಗೆ >> ಹಾಕಿ ಲಾಗ್ ಫೈಲಿನ ಪೂರ್ತಿ ದಾರಿ, ಅದರ ನಂತರ, ತಪ್ಪಿನ ಸಂದೇಶಗಳೂ ಲಾಗ್‌ಗೆ ಬರಲಿ ಅಂತ, 2>&1. ಹತ್ತು ನಿಮಿಷ ಮುಂದಕ್ಕೆ ಟೈಮ್ ಇಟ್ಟು ನಿಜವಾಗಿ ಸೈನ್ ಔಟ್ ಮಾಡಿ ಎದ್ದು ಹೋಗಿ. ಚಹಾ ಕುಡಿದು ಬಂದು ಲಾಗ್ ಓದಿ. ಕೂತಲ್ಲೇ ರನ್ ಒತ್ತಿ "ಓಡ್ತಿದೆಯಲ್ಲ ಸರ್" ಅನ್ನುವುದು ಪರೀಕ್ಷೆ ಅಲ್ಲ. ಹಿಸ್ಟರಿ ಟ್ಯಾಬ್ ಖಾಲಿ ಕಂಡರೆ ಗಾಬರಿ ಬೇಡ, ಬಲಗಡೆ ಅದನ್ನು ಆನ್ ಮಾಡುವ ಸಾಲು ಇದೆ.

ಲಾಸ್ಟ್ ರನ್ ರಿಸಲ್ಟ್‌ನಲ್ಲಿ 0ಎಕ್ಸ್8007052ಇ ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ನೀವು ಪಾಸ್‌ವರ್ಡ್ ಬದಲಿಸಿದರೆ ಟಾಸ್ಕ್‌ನಲ್ಲಿ ಅದು ತಾನಾಗಿ ಬದಲಾಗುವುದಿಲ್ಲ. ಅದಕ್ಕೇ ಬ್ಯಾಕಪ್‌ಗೆ ಬೇರೆ ಯೂಸರ್ ಇಡಿ. 0ಎಕ್ಸ್80070569 ಬಂದರೆ ಆ ಯೂಸರ್‌ಗೆ 'ಲಾಗ್ ಆನ್ ಆಸ್ ಎ ಬ್ಯಾಚ್ ಜಾಬ್' ಹಕ್ಕು ಇಲ್ಲ, ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ ಕೊಡಿ. ಫೈಲ್ ಕಾಪಿ ಮಾಡುವ ರೋಬೋಕಾಪಿ ಕಮಾಂಡ್ ಬಳಸುವವರು 0ಎಕ್ಸ್1 ನೋಡಿ ಅಳಬೇಡಿ. ಅದರ ಲೆಕ್ಕದಲ್ಲಿ 1 ಅಂದರೆ ಫೈಲ್ ಕಾಪಿ ಆಗಿದೆ ಅಂತ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಚಿಂತೆ ಮಾಡಿ.

ಪ್ರಶ್ನೆ: ಯಾದಗಿರಿಯ ನಮ್ಮ ಗೊಬ್ಬರದ ಅಂಗಡಿಯಲ್ಲಿ ರಾತ್ರಿ ಎಕ್ಸೆಲ್ ತೆರೆದು ಮ್ಯಾಕ್ರೋ ಓಡಿಸುವ ಟಾಸ್ಕ್ ಒಂದು ದಿನ ಓಡಿ ನಿಂತುಬಿಡುತ್ತದೆ.

ಉತ್ತರ: ಎಕ್ಸೆಲ್ ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ ಅಂದುಕೊಂಡೇ ಮಾಡಿದ ಸಾಫ್ಟ್‌ವೇರ್. ಯಾರೂ ಇಲ್ಲದಾಗ ಅದನ್ನು ಸರ್ವರ್‌ನಲ್ಲಿ ಓಡಿಸಬೇಡಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. 'ಸೇವ್ ಮಾಡಲೇ?' ಅಂತ ಕೇಳಿ ಕಾಣದ ಪರದೆಯಲ್ಲಿ ಉತ್ತರಕ್ಕೆ ಕಾಯುತ್ತಿರುತ್ತದೆ. ಹಳೆಯದು ಮುಗಿಯದೆ ಹೊಸದು ಶುರುವಾಗುವುದಿಲ್ಲ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ 3 ದಿನದ ನಂತರವೇ ವಿಂಡೋಸ್ ಅದನ್ನು ನಿಲ್ಲಿಸುವುದು. ಪವರ್‌ಶೆಲ್‌ನಿಂದ (ವಿಂಡೋಸ್‌ನದ್ದೇ ಕಮಾಂಡ್ ಸಾಧನ) ಸಿಎಸ್‌ವಿ ಫೈಲ್ ಬರೆಸಿ, ಬೆಳಿಗ್ಗೆ ಬಂದು ಎಕ್ಸೆಲ್‌ನಲ್ಲಿ ತೆರೆಯಿರಿ.

ಪ್ರಶ್ನೆ: ಲಾಗಿನ್ ಇಲ್ಲದೆ ಟಾಸ್ಕ್ ಓಡಲು 'ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್' ಟಿಕ್ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ಈ ಟಿಕ್‌ಗೂ ಲಾಗಿನ್‌ಗೂ ಸಂಬಂಧವೇ ಇಲ್ಲ.

ಪ್ರಶ್ನೆ: ಬೀದರ್‌ನ ಕಾಲೇಜೊಂದರ ಲಿನಕ್ಸ್ ಸರ್ವರ್‌ನಲ್ಲಿ ಸಿಸ್ಟಮ್‌ಡಿ ಯೂಸರ್ ಟೈಮರ್ (ಹೇಳಿದ ಸಮಯಕ್ಕೆ ಕೆಲಸ ಓಡಿಸುವ ಲಿನಕ್ಸ್ ಸಾಧನ) ನಾನು ಲಾಗಾಫ್ ಆದ ಕೂಡಲೇ ನಿಲ್ಲುತ್ತದೆ. ಅದೇ ಕೆಲಸ ಮಾಡುವ ಕ್ರಾನ್‌ಗೆ ಹಾಕಿದರೆ 'ಕಮಾಂಡ್ ಸಿಗಲಿಲ್ಲ' ಅನ್ನುತ್ತದೆ.

ಉತ್ತರ: ಮೊದಲನೆಯದಕ್ಕೆ ಲಾಗಿನ್‌ಸಿಟಿಎಲ್‌ನ ಎನೇಬಲ್-ಲಿಂಗರ್ (loginctl enable-linger) ಕಮಾಂಡ್ ಕೊಡಿ. ಎರಡನೆಯದಕ್ಕೆ ಕಮಾಂಡ್‌ನ ಪೂರ್ತಿ ದಾರಿ ಬರೆಯಿರಿ, ಕ್ರಾನ್ ನಿಮ್ಮ ಬ್ಯಾಶ್ ಸೆಟ್ಟಿಂಗ್ ಓದುವುದಿಲ್ಲ.

ಪ್ರಶ್ನೆ: ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದ್ದೇನೆ. ಕರೆಂಟ್ ಹೋದಾಗ ಬ್ಯಾಟರಿ ಇದ್ದರೂ ಟಾಸ್ಕ್ ಓಡುವುದಿಲ್ಲ.

ಉತ್ತರ: ಕಂಡಿಷನ್ಸ್ ಟ್ಯಾಬ್‌ನಲ್ಲಿ 'ಎಸಿ ಪವರ್ ಇದ್ದರೆ ಮಾತ್ರ' ಅನ್ನುವ ಟಿಕ್ ಮೊದಲೇ ಹಾಕಿರುತ್ತದೆ, ತೆಗೆಯಿರಿ. ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ 'ಸಮಯ ತಪ್ಪಿದ್ದರೆ ಆದಷ್ಟು ಬೇಗ ಓಡಿಸು' ಎಂಬರ್ಥದ ಸಾಲಿದೆ, ಅದಕ್ಕೆ ಟಿಕ್ ಹಾಕಿ. ಆಮೇಲೆ ಮಾಲೀಕರ ಹತ್ತಿರ ಒಂದು ಸರಿಯಾದ ಸರ್ವರ್ ಕೇಳಿ.