ತುಲುಮ್ ಬಿಡಿ, ಕೊಝುಮೆಲ್‌ನಲ್ಲೇ ಇರಿ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಜುಲೈ ತಿಂಗಳು, ಮಯಾಮಿಯಿಂದ ಹೊರಡುವ ಕ್ರೂಸ್, ಮೆಕ್ಸಿಕೋದ ಕೊಝುಮೆಲ್‌ನಲ್ಲಿ ಒಂದೇ ದಿನ, ಊರಿಂದ ಬಂದಿರುವ ಅಪ್ಪ ಅಮ್ಮ, ತುಲುಮ್ ನೋಡೋಕೆ ಹಡಗಿನವರ ಟೂರ್ ತಗೊಳ್ಳೋದಾ ಇಲ್ಲಾ ಅರ್ಧ ದುಡ್ಡಿಗೆ ಸಿಗುವ ಹೊರಗಿನವರದ್ದಾ. ನಮ್ಮದೂ ಇದೇ ಕಥೆ. ನಾವು ಹೊರಗಿನವರದ್ದು ತಗೊಂಡೆವು. ಹಡಗು ನಮ್ಮನ್ನು ಬಿಟ್ಟು ಹೋಯಿತು.

ಮೊದಲು ದಾರಿ ನೋಡಿ. ಕೊಝುಮೆಲ್ ಒಂದು ದ್ವೀಪ. ತುಲುಮ್ ಇರೋದು ಆಚೆ ದಡದಲ್ಲಿ. ಫೆರಿ ಹತ್ತಿ ಪ್ಲಾಯಾ ಡೆಲ್ ಕಾರ್ಮೆನ್‌ಗೆ ಹೆಚ್ಚುಕಮ್ಮಿ ಮುಕ್ಕಾಲು ಗಂಟೆ, ಅಲ್ಲಿಂದ ವ್ಯಾನಿನಲ್ಲಿ ದಕ್ಷಿಣಕ್ಕೆ 60 ಕಿಲೋಮೀಟರ್‌ಗೂ ಜಾಸ್ತಿ. ಬರುವಾಗಲೂ ಇದೇ ದಾರಿ. ನಡುವಿನ ಸಮುದ್ರ ಶಾಂತವಾಗಿರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮ್ಮ ಹೋಗುವಾಗ ವಾಂತಿ ಮಾಡಿಕೊಂಡರು, ಆಮೇಲೆ ದಿನವಿಡೀ ಏನೂ ತಿನ್ನಲಿಲ್ಲ.

ತುಲುಮ್ ಚೆಂದ, ಇಲ್ಲ ಅನ್ನಲ್ಲ. ಸಮುದ್ರದ ಅಂಚಿನ ಬಂಡೆ ಮೇಲೆ ಅಲ್ಲಿನ ಪುರಾತನ ಮಾಯಾ ಜನ ಕಟ್ಟಿದ ಊರು, ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೇ ಕಡೆ ನೀರು, ಕಲ್ಲುಗಳ ಮೇಲೆಲ್ಲ ಬಿಸಿಲು ಕಾಯಿಸುತ್ತಾ ಮಲಗಿರುವ, ದೊಡ್ಡ ಓತಿಕ್ಯಾತದಂಥ ಇಗ್ವಾನಾಗಳು. ಆದರೆ ನೆರಳು ಅನ್ನೋದೇ ಕಮ್ಮಿ. ಅಪ್ಪ ಸ್ವಲ್ಪ ಹೊತ್ತಿಗೇ ಗೋಡೆಯ ಪಕ್ಕ ಸಿಕ್ಕ ಒಂದು ಮೊಳ ನೆರಳಲ್ಲಿ ಕೂತುಬಿಟ್ಟರು. ಅಷ್ಟು ದೂರ ಹೋಗಿ ನಾವು ಅಲ್ಲಿ ಇದ್ದದ್ದು ಒಂದು ಗಂಟೆಯ ಚಿಲ್ಲರೆ.

ಈಗ ಆ ಟೈಮಿನ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ನಮಗೆ ಏಟು ಬಿದ್ದದ್ದು ಇಲ್ಲೇ. ಕೊಝುಮೆಲ್ ಇರುವ ಕಿಂಟಾನಾ ರೂ ರಾಜ್ಯ 2015ರ ಫೆಬ್ರವರಿಯಲ್ಲಿ ತನ್ನ ಗಡಿಯಾರ ಬದಲಿಸಿತು. ಅಂದಿನಿಂದ ವರ್ಷವಿಡೀ ಅಲ್ಲಿ ಒಂದೇ ಟೈಮು, ಬೇಸಿಗೆ ಬಂತು ಅಂತ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಲ್ಲ. ಮಯಾಮಿಯಲ್ಲಿ ತಿರುಗಿಸುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ಎರಡೂ ಕಡೆ ಒಂದೇ ಟೈಮು. ಜುಲೈನಲ್ಲಿ ಮಾತ್ರ ಕೊಝುಮೆಲ್ ಒಂದು ಗಂಟೆ ಹಿಂದೆ. ನಮ್ಮ ಹಡಗು ಪ್ರಯಾಣವಿಡೀ ಮಯಾಮಿ ಟೈಮನ್ನೇ ಇಟ್ಟುಕೊಂಡಿತ್ತು. ಎಲ್ಲರೂ ಸಂಜೆ 4:30ಕ್ಕೆ ಹತ್ತಿರಬೇಕು, 5ಕ್ಕೆ ಹಡಗು ಹೊರಡುತ್ತದೆ ಅಂತ ಕ್ಯಾಬಿನ್‌ಗೆ ಕೊಟ್ಟ ಹಾಳೆಯಲ್ಲಿತ್ತು. ಆ 4:30 ಅಂದರೆ ದಡದಲ್ಲಿ 3:30. ನಾನು ಟೂರಿನವನಿಗೆ ಹೇಳಿದ್ದು "4:30ಕ್ಕೆ ಹಡಗಿನ ಹತ್ತಿರ ಇರಬೇಕು" ಅಂತ ಅಷ್ಟೇ. ಯಾರ 4:30 ಅಂತ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನು ತನ್ನ ಊರಿನ ಟೈಮು ಅಂದುಕೊಂಡು 3 ಗಂಟೆಯ ಫೆರಿಗೆ ಕೂರಿಸಿದ. ಇನ್ನು ಫೋನು. ಹಡಗಿನಲ್ಲಿ ಏರೋಪ್ಲೇನ್ ಮೋಡ್‌ನಲ್ಲಿ ಇದ್ದಷ್ಟು ಹೊತ್ತು ಮಯಾಮಿ ಟೈಮೇ ತೋರಿಸುತ್ತಿತ್ತು. ದಡಕ್ಕಿಳಿದು ರೋಮಿಂಗ್ ಹಾಕಿದ ತಕ್ಷಣ ಅಲ್ಲಿನ ಟವರ್ ಹಿಡಿದು ಒಂದು ಗಂಟೆ ಹಿಂದೆ ಹೋಯಿತು. ಯಾವ ಸೂಚನೆಯೂ ಬರಲಿಲ್ಲ, ನಾನೂ ಗಮನಿಸಲಿಲ್ಲ.

ಅಪ್ಪ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದವರು. ಕೈಯಲ್ಲಿ ಇವತ್ತಿಗೂ ಕೀಲಿ ಕೊಡುವ ವಾಚು. ಕೊಝುಮೆಲ್‌ಗೆ ವಾಪಸ್ ಬಂದು ಫೆರಿ ಇಳಿಯುವಾಗ "ಪುಟ್ಟಿ, ನಾಲ್ಕೂ ಮುಕ್ಕಾಲು ಆಯ್ತಲ್ಲ" ಅಂದರು. ನಾನು ಫೋನ್ ತೋರಿಸಿ "ಇಲ್ಲಪ್ಪ, ಮೂರೂ ಮುಕ್ಕಾಲು, ನಿಮ್ಮ ವಾಚು ಸರಿಯಿಲ್ಲ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಟೈಮಿದೆ ಅಂತ ನಾವು ಅಲ್ಲೇ ಚೌಕದಲ್ಲಿ ಕೂತು, ನಿಂಬೆರಸ ಖಾರದಪುಡಿ ಹಾಕಿದ ಮಾವಿನಹಣ್ಣು ತಿಂದು, ಆಮೇಲೆ ಟ್ಯಾಕ್ಸಿ ಹಿಡಿದೆವು. ನಮ್ಮ ಹಡಗು ನಿಂತಿದ್ದ ಪುಯೆರ್ಟಾ ಮಾಯಾ ಕಟ್ಟೆ ಊರಿಂದ ಕೆಲವೇ ಕಿಲೋಮೀಟರ್. ಹೋಗುವ ದಾರಿಯಲ್ಲೇ ಸಮುದ್ರ ಕಾಣುತ್ತದೆ. ನಮ್ಮ ಹಡಗು ಆಗಲೇ ಕಟ್ಟೆ ಬಿಟ್ಟಿತ್ತು.

ಅಪ್ಪನ ಬಿಪಿ ಮಾತ್ರೆ, ಅಮ್ಮನ ಶುಗರ್ ಮಾತ್ರೆ ಎಲ್ಲ ಕ್ಯಾಬಿನ್‌ನಲ್ಲಿ. ಪುಣ್ಯಕ್ಕೆ ಮಾತ್ರೆ ಪಟ್ಟಿಯ ಫೋಟೋ ನನ್ನ ಗಂಡನ ಫೋನಿನಲ್ಲಿತ್ತು, ಫಾರ್ಮಸಿಯಲ್ಲಿ ತೋರಿಸಿ ಕೊಂಡೆವು. ಪಾಸ್‌ಪೋರ್ಟುಗಳು ನನ್ನ ಬ್ಯಾಗಿನಲ್ಲಿದ್ದವು. ಕ್ರೂಸಿನಲ್ಲಿ ಬಂದವರ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿರಲಿಲ್ಲ, ಆದ್ದರಿಂದ ವಿಮಾನದಲ್ಲಿ ಹೊರಡೋಕೆ ಬೇರೆ ಕಾಗದ ಮಾಡಿಸಬೇಕಾಯಿತು. ಬಂದರಿನಲ್ಲಿ ಹಡಗಿನ ಪರವಾಗಿ ಇರುವ ಏಜೆಂಟ್ ನಮ್ಮನ್ನು ಆಫೀಸಿಗೆ ಕರೆದುಕೊಂಡು ಹೋದರು, ಅವರಿಲ್ಲದಿದ್ದರೆ ಗತಿಯಿರಲಿಲ್ಲ. ಮಾರನೆಯ ದಿನದ ವಿಮಾನದಲ್ಲಿ ನಾಲ್ಕು ಸೀಟು ಸಿಗಲಿಲ್ಲ, ಅದರಾಚೆ ದಿನಕ್ಕೆ ಸಿಕ್ಕಿತು. ಉಳಿಸಿದ್ದ ಟೂರ್ ದುಡ್ಡು ಆ ಟಿಕೆಟ್ಟಿನ ಮುಂದೆ ಏನೇನೂ ಅಲ್ಲ.

ಹೀಗೆ ಸಿಕ್ಕಿದ ಆ ಮಧ್ಯದ ದಿನ ನಾವು ಸ್ಯಾನ್ ಗೆರ್ವಾಸಿಯೊಗೆ ಹೋದೆವು. ನಾನು ನಿಮಗೆ ಹೇಳಬೇಕಾದ್ದು ನಿಜವಾಗಿ ಇದನ್ನೇ. ಅದೂ ಮಾಯಾ ಜನರ ಹಳೆಯ ಊರೇ, ದ್ವೀಪದ ನಡುವೆ, ಕಾಡಿನೊಳಗೆ, ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ತುಲುಮ್‌ನಷ್ಟು ದೊಡ್ಡ ಕಟ್ಟಡಗಳಿಲ್ಲ. ಆದರೆ ಮರಗಳ ನೆರಳಿದೆ, ಜನ ಕಮ್ಮಿ, ಕಲ್ಲುಹಾಸಿನ ಹಳೇ ದಾರಿಯಲ್ಲಿ ಅಪ್ಪ ಅಮ್ಮ ತಮ್ಮ ಪಾಡಿಗೆ ನಡೆದರು. ಒಂದು ಗೋಡೆಯ ಮೇಲೆ ಕೆಂಪು ಬಣ್ಣದ ಅಂಗೈ ಗುರುತುಗಳಿವೆ. ಈ ದ್ವೀಪ ಇಶ್‌ಚೆಲ್ ಅನ್ನುವ ದೇವಿಯ ಕ್ಷೇತ್ರ, ಹೆರಿಗೆಯನ್ನೂ ಮದ್ದನ್ನೂ ನೋಡಿಕೊಳ್ಳುವವಳು. ಆಚೆ ದಡದಿಂದ ಹೆಂಗಸರು ದೋಣಿಯಲ್ಲಿ ಬಂದು ಹರಕೆ ಒಪ್ಪಿಸುತ್ತಿದ್ದರು. ಫೆರಿಯಲ್ಲೇ ಅಷ್ಟು ಸಂಕಟಪಟ್ಟಿದ್ದ ಅಮ್ಮ "ಇದೇ ನೀರನ್ನ ದೋಣೀಲಿ ದಾಟ್ತಿದ್ರಾ!" ಅಂತ ಮತ್ತೆ ಮತ್ತೆ ಕೇಳಿದರು. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಈ ದ್ವೀಪಕ್ಕೆ ಬಂದು ಮೂರ್ತಿಗಳನ್ನು ಒಡೆಸಿದ ಕಥೆ ಕೇಳಿದಾಗ ಅವರ ಮುಖ ಸಪ್ಪಗಾಯಿತು. ತುಲುಮ್ ಬಗ್ಗೆ ಅಮ್ಮ ಇವತ್ತು ಒಂದು ಮಾತೂ ಆಡಲ್ಲ. ಇದರ ಬಗ್ಗೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.

ಆದ್ದರಿಂದ ಹಡಗಿನವರಾ ಹೊರಗಿನವರಾ ಅನ್ನುವ ಪ್ರಶ್ನೆಯನ್ನೇ ಬಿಡಿ. ವಯಸ್ಸಾದವರನ್ನು ಕರೆದುಕೊಂಡು ಸಮುದ್ರ ದಾಟಬೇಡಿ. ಬೆಳಿಗ್ಗೆ ಸ್ಯಾನ್ ಗೆರ್ವಾಸಿಯೊ, ಆಮೇಲೆ ದ್ವೀಪದ ಪೂರ್ವ ದಡದಲ್ಲಿ ಅಲೆ ನೋಡುತ್ತಾ ಎಳನೀರು ಕುಡಿಯಿರಿ. ಆ ಕಡೆ ಸೆಳೆತ ಜಾಸ್ತಿ, ನೀರಿಗಿಳಿಯಬೇಡಿ. ಈಜಬೇಕು ಅಂದರೆ ಪಶ್ಚಿಮ ದಡ. ಟ್ಯಾಕ್ಸಿಗೆ ಮೀಟರ್ ಇರಲ್ಲ, ಹತ್ತುವ ಮೊದಲೇ ರೇಟ್ ಮಾತಾಡಿ. ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು, ಸಸ್ಯಾಹಾರಿಗಳಾದರೆ "ಮಂಟೆಕಾ" ಹಾಕಿದ್ದೀರಾ ಅಂತ ಕೇಳಿ.

ಇಷ್ಟೆಲ್ಲಾ ಹೇಳಿದ ಮೇಲೂ ತುಲುಮೇ ಬೇಕು ಅಂದರೆ, ಎಷ್ಟೇ ದುಡ್ಡಾಗಲಿ, ಹಡಗಿನವರ ಟೂರೇ ತಗೊಳ್ಳಿ. ಅವರದ್ದು ತಡವಾದರೆ ಹಡಗು ಕಾಯುತ್ತದೆ, ಇಲ್ಲವಾದರೆ ಮುಂದಿನ ಬಂದರಿಗೆ ಅವರೇ ಮುಟ್ಟಿಸುತ್ತಾರೆ. ಮಾತ್ರೆಗಳನ್ನು ಎರಡು ದಿನಕ್ಕಾಗುವಷ್ಟು ಕೈಚೀಲದಲ್ಲಿಡಿ. ಇಳಿಯುವ ಮುಂಚೆ ಬಾಗಿಲಲ್ಲಿ ನಿಂತಿರುವ ಹಡಗಿನ ಸಿಬ್ಬಂದಿಯ ಗಡಿಯಾರ ನೋಡಿ, ಅದಕ್ಕೆ ಸರಿಯಾಗಿ ಒಂದು ಕೈಗಡಿಯಾರ ಹೊಂದಿಸಿ ಅಪ್ಪನ ಕೈಗೇ ಕಟ್ಟಿ.