ಪದ ಪ್ರಶ್ನೆ: ಸಫಾರಿಗೂ ಸವಾರಿಗೂ ಏನು ನಂಟು?

ಪ್ರಶ್ನೆ: ದಸರೆಯಲ್ಲಿ ಜಂಬೂ ಸವಾರಿ, ಬಂಡೀಪುರದಲ್ಲಿ ಸಫಾರಿ. ಎರಡರಲ್ಲೂ ಆನೆ ಉಂಟು, ಕಿವಿಗೂ ಎರಡು ಪದ ಹೆಚ್ಚುಕಡಿಮೆ ಒಂದೇ. ನಮ್ಮ ಸವಾರಿಯನ್ನೇ ಇಂಗ್ಲಿಷರು ಸಫಾರಿ ಮಾಡಿಕೊಂಡರು ಎನ್ನುತ್ತಾರಲ್ಲ, ನಿಜವೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಇಲ್ಲ. ಕೇಳಲು ಅಣ್ಣತಮ್ಮಂದಿರಂತಿದ್ದರೂ ಇವು ಹುಟ್ಟಿದ್ದು ಬೇರೆ ಬೇರೆ ಮನೆಯಲ್ಲಿ.

ಸಫಾರಿ ಇಂಗ್ಲಿಷಿಗೆ ಬಂದದ್ದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಿಂದ. ಸ್ವಾಹಿಲಿಗೆ ಬಂದದ್ದು ಅರಬ್ಬಿಯ ‘ಸಫರ್’ನಿಂದ. ಸಫರ್ ಎಂದರೆ ಪ್ರಯಾಣ. ಈ ಮೂಲ ನಮಗೆ ಹೊಸದೇನಲ್ಲ. ಉರ್ದುವಿನ ‘ಸಫರ್’, ‘ಮುಸಾಫಿರ್’, ದಾರಿಹೋಕರು ತಂಗುವ ಮುಸಾಫಿರಖಾನೆ, ಎಲ್ಲವೂ ಅದೇ ಸ-ಫ-ರ ಎಂಬ ಮೂರು ವ್ಯಂಜನಗಳ ಮೇಲೆ ನಿಂತಿವೆ. ಸ್ವಾಹಿಲಿಯವರಿಗೆ ಇಂದಿಗೂ ಯಾವ ಪ್ರಯಾಣವಾದರೂ ಸಫಾರಿಯೇ. ಮದುವೆಗೆ ಬಸ್ಸು ಹತ್ತಿದರೂ ಸಫಾರಿ, ಹೊರಟವನಿಗೆ ‘ಸಫಾರಿ ನ್ಜೇಮಾ’ ಎಂದರೆ ‘ಹೋಗಿ ಬನ್ನಿ, ಸುಖವಾಗಿರಲಿ ಪ್ರಯಾಣ’.

ಹಾಗಿದ್ದರೆ ಅರ್ಥ ಹುಲಿ, ಆನೆ, ಜೀಪಿಗೆ ಹೇಗೆ ಕುಗ್ಗಿತು? 1857–59ರಲ್ಲಿ ಮಧ್ಯ ಆಫ್ರಿಕದ ಸರೋವರಗಳನ್ನು ಹುಡುಕಿ ಹೋದ ರಿಚರ್ಡ್ ಬರ್ಟನ್‌ನಂಥವರ ಬರಹಗಳಿಂದ ಪದ ಇಂಗ್ಲಿಷಿನಲ್ಲಿ ಹರಡಿತು. ಆಗ ಅದರ ಅರ್ಥ ಕೆಲಸವಿಟ್ಟುಕೊಂಡು ಹೊರಟ ದೂರದ ಪಯಣ, ಆ ಪಯಣದ ಜನಸಾಲಿಗೂ ಅದೇ ಹೆಸರು. ತ್ಸೆತ್ಸೆ ನೊಣದ ಕಾಟಕ್ಕೆ ಅಲ್ಲಿ ಎತ್ತು, ಕುದುರೆ ಉಳಿಯುತ್ತಿರಲಿಲ್ಲ. ಹೀಗಾಗಿ ಸಾಮಾನೆಲ್ಲ ಆಳಿನ ತಲೆ, ಹೆಗಲ ಮೇಲೇ ಸಾಗಬೇಕು. ಒಬ್ಬೊಬ್ಬರಿಗೆ ಸುಮಾರು 30 ಕೆ.ಜಿ. ಹೊರೆ. ಮುಂದೆ ದುಡ್ಡಿದ್ದ ಬೇಟೆಗಾರರು ಇದೇ ಸಾಲನ್ನು ಬಾಡಿಗೆಗೆ ಹಿಡಿದರು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1909–10ರಲ್ಲಿ ಹೋದ ಸಫಾರಿಯಿಂದ ಪದಕ್ಕೆ ಬೇಟೆಯ ಬಣ್ಣ ಗಟ್ಟಿಯಾಗಿ ಹತ್ತಿತು. 1977ರಲ್ಲಿ ಕೀನ್ಯಾ ಬೇಟೆಯನ್ನೇ ನಿಷೇಧಿಸಿತು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದಿತ್ತು, ಪದ ಮಾತ್ರ ಅಲ್ಲೇ ಉಳಿಯಿತು. ನಾಲ್ಕು ಜೇಬಿನ ಸಫಾರಿ ಡ್ರೆಸ್ಸೂ ಆ ಬೇಟೆಗಾರರ ಅಂಗಿಯ ಮೊಮ್ಮಗನೇ.

ಇನ್ನು ಸವಾರಿ. ಇದು ಪಾರಸಿ. ಹಳೆಯ ಪಾರಸಿಯಲ್ಲಿ ‘ಅಸಬಾರ’ ಎಂದರೆ ಕುದುರೆ ಯಾರನ್ನು ಹೊತ್ತಿದೆಯೋ ಅವನು, ಅಂದರೆ ಕುದುರೆಯ ಮೇಲೆ ಕೂತವನು. ಸಂಸ್ಕೃತದ ‘ಅಶ್ವ’ ಮತ್ತು ‘ಭಾರ’ಕ್ಕೆ ಇವು ದಾಯಾದಿಗಳು. ಅಸಬಾರ ಸವೆದು ‘ಅಸ್ವಾರ್’, ಆಮೇಲೆ ‘ಸವಾರ್’ ಆಯಿತು. ಹಾಗೆ ನೋಡಿದರೆ ಜಂಬೂ ಸವಾರಿಯಲ್ಲಿ 750 ಕೆ.ಜಿ. ಅಂಬಾರಿ ಹೊತ್ತ ಆನೆಯ ಹೆಜ್ಜೆಯ ಅಡಿಯಲ್ಲೇ ಒಂದು ಹಳೆಯ ಕುದುರೆ ಅಡಗಿದೆ! ಕನ್ನಡ ಇದನ್ನು ಇನ್ನೂ ಹಿಗ್ಗಿಸಿಕೊಂಡಿದೆ: ಬೈಕ್ ಸವಾರ, ‘ಸವಾರಿ ಯಾವ ಕಡೆಗೆ?’, ‘ತಲೆ ಮೇಲೆ ಸವಾರಿ ಮಾಡಬೇಡ’.

ಗೊಂದಲ ಹುಟ್ಟುವುದು ನಮ್ಮ ನಾಲಿಗೆಯಲ್ಲಿ. ‘ಫ’ವನ್ನು ಸಡಿಲವಾಗಿ ‘ಪ’ ಎಂದು ‘ಸಪಾರಿ’ ಮಾಡಿಕೊಂಡರೆ ‘ಸವಾರಿ’ಗೆ ಒಂದೇ ಹೆಜ್ಜೆ. ಪದಗಳ ನಂಟು ಹುಡುಕುವಾಗ ಕಿವಿಯನ್ನು ಕೊನೆಗೆ ಕೇಳಿ. ಮೊದಲು ಯಾವ ಭಾಷೆಯಿಂದ ಯಾವ ದಾರಿಯಲ್ಲಿ ಬಂತು ಎಂದು ನೋಡಿ, ಬಳಿಕ ಹಳೆಯ ಅರ್ಥ ಏನಿತ್ತು ಎಂದು ನೋಡಿ. ಇಲ್ಲಿ ಒಂದು ಪಯಣ, ಇನ್ನೊಂದು ಏರಿ ಕೂರುವುದು. ಅರಬ್ಬಿ ಪಂಚಾಂಗದ ಎರಡನೆಯ ತಿಂಗಳು ‘ಸಫರ್’ ಕೂಡ ಹೀಗೇ ಮೋಸ ಮಾಡುತ್ತದೆ. ಅರಬ್ಬಿಯಲ್ಲಿ ಅದರ ಮೊದಲಕ್ಷರವೇ ಬೇರೆ. ಕನ್ನಡ ಲಿಪಿಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ.

ಪ್ರಶ್ನೆ: ‘ಅಮಲ್ದಾರರು ಸರ್ಕೀಟು ಬಂದಿದ್ದರು’ ಎಂದು ನಮ್ಮ ತಾತ ಹೇಳುತ್ತಿದ್ದರು. ಸರ್ಕೀಟು ಯಾವ ಭಾಷೆ?
— ಓದುಗರು, ಮದ್ದೂರು

ಉತ್ತರ: ಇಂಗ್ಲಿಷಿನ ‘ಸರ್ಕ್ಯೂಟ್’. ಅದರ ಲ್ಯಾಟಿನ್ ಮೂಲದಲ್ಲಿ ‘ಸುತ್ತ’ ಮತ್ತು ‘ಹೋಗು’ ಎಂಬ ಎರಡು ತುಂಡುಗಳಿವೆ. ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ಊರಿಂದೂರಿಗೆ ಸುತ್ತಿ ಕಟ್ಲೆ ಕೇಳುತ್ತಿದ್ದ ದಾರಿಗೆ ಈ ಹೆಸರು. ಮೈಸೂರು ಸೀಮೆಯಲ್ಲಿ ಅದು ಕಂದಾಯದ ಲೆಕ್ಕ ತಪಾಸಣೆಗೆ, ಜಮಾಬಂದಿಗೆ ಹೊರಟ ಅಧಿಕಾರಿಯ ಸುತ್ತಾಟವಾಯಿತು. ಸರ್ಕ್ಯೂಟ್ ಹೌಸ್ ಅದರ ಉಳಿಕೆ. ಈಗ ಮಂಡ್ಯದ ಕಡೆ ‘ಊರೆಲ್ಲ ಸರ್ಕೀಟು ಹೊಡ್ಕಂಡು ಬಂದ’ ಎಂದರೆ ಕೆಲಸವಿಲ್ಲದ ಅಲೆದಾಟ. ಅಧಿಕಾರ ಕಳಚಿಕೊಂಡು ಪೋಲಿಯಾದ ಪದ. ವಿದ್ಯುತ್ತಿನ ಸರ್ಕ್ಯೂಟೂ ಇದೇ. ಕರೆಂಟು ಹೊರಟು, ಸುತ್ತಿ, ಹೊರಟಲ್ಲಿಗೇ ಮರಳಬೇಕು. ಬಲ್ಬನ್ನೋ ಮೋಟಾರನ್ನೋ ಬಿಟ್ಟು ಅಡ್ಡದಾರಿ ಹಿಡಿದರೆ ಶಾರ್ಟ್ ಸರ್ಕ್ಯೂಟ್, ಫ್ಯೂಸು ಹೋಯಿತು.

ಪ್ರಶ್ನೆ: ‘ಎಕ್ಸ್‌ಪೆಡಿಷನ್’ಗೆ ಕನ್ನಡದಲ್ಲಿ ಒಂದು ಪದ ಹೇಳಿ.
— ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಉತ್ತರ: ಒಂದರಲ್ಲಿ ತೀರದು. ಸೈನ್ಯ ಹೊರಟರೆ ದಂಡಯಾತ್ರೆ. ಹಿಮಾಲಯಕ್ಕೆ ತಂಡ ಹೊರಟರೆ ಪರ್ವತಾರೋಹಣ ಯಾತ್ರೆ, ಧ್ರುವಪ್ರದೇಶಕ್ಕೆ ವಿಜ್ಞಾನಿಗಳು ಹೊರಟರೆ ಸಂಶೋಧನಾ ಯಾನ. ‘ಅಭಿಯಾನ’ ಒಳ್ಳೆಯ ಪದವೇ, ಒಂದು ಗುರಿಯತ್ತ ಹೋಗುವುದು ಎಂಬುದೇ ಅದರ ಅರ್ಥ. ಆದರೆ ಲಸಿಕೆ, ಸ್ವಚ್ಛತೆ ಅಂತ ಪ್ರಚಾರಕ್ಕೆಲ್ಲ ಬಳಸಿ ಈಗ ಅದನ್ನು ಕೇಳಿದರೆ ಬ್ಯಾನರು ಕಣ್ಣಿಗೆ ಬರುತ್ತದೆಯೇ ಹೊರತು ದಾರಿಯಲ್ಲ. ಇಂಗ್ಲಿಷ್ ಪದದ ಒಳಗಿರುವುದು ಲ್ಯಾಟಿನ್ನಿನ ‘ಕಾಲು’: ಸಿಕ್ಕಿಕೊಂಡ ಕಾಲನ್ನು ಬಿಡಿಸಿಕೊಂಡು ಹೊರಡುವುದು.