ದಿನವಿಡೀ ಮಾತು, ಆದರೂ ಮಾತಿಗೆ ಯಾರಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಹೊರದೇಶದ ಸಣ್ಣ ಊರೊಂದರ ಶಾಲೆಯಲ್ಲಿ ಸ್ವಯಂಸೇವಕಿಯಾಗಿ ಇಂಗ್ಲಿಷ್ ಕಲಿಸುತ್ತಿದ್ದ 27 ವರ್ಷದ ಯುವತಿಯೊಬ್ಬರು ವಿಡಿಯೊ ಕರೆಯಲ್ಲಿ ನನ್ನನ್ನು ಮೊದಲ ಬಾರಿಗೆ ಕಂಡಾಗ, ಅವರ 11 ತಿಂಗಳ ಒಪ್ಪಂದದಲ್ಲಿ ಐದನೆಯ ತಿಂಗಳು ನಡೆಯುತ್ತಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಅಥವಾ ಕೈಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. “ನನಗೆ ಅಂಥ ಸಮಸ್ಯೆಯೇನೂ ಇಲ್ಲ ಮೇಡಂ, ಸುಮ್ಮನೆ ನಿಮ್ಮ ಸಮಯ ಹಾಳು ಮಾಡ್ತಿದ್ದೀನೇನೋ” ಎಂದೇ ಅವರು ಮಾತು ಆರಂಭಿಸಿದ್ದು. ಹತ್ತು ನಿಮಿಷ ಕಳೆಯುವುದರೊಳಗೆ ಅಳುತ್ತಿದ್ದರು.

ಏನು ತೊಂದರೆ ಎಂದು ಕೇಳುವ ಬದಲು, ನಿನ್ನೆಯ ದಿನವನ್ನು ಎದ್ದಲ್ಲಿಂದ ಮಲಗುವವರೆಗೆ ಹೇಳಿ ಎಂದು ಕೇಳುವುದು ನನ್ನ ರೂಢಿ. ಅವರು ಬೆಳಗ್ಗೆ 5.30ಕ್ಕೆ ಎದ್ದು ಪಾಠಕ್ಕೆ ಬೇಕಾದ ಚಿತ್ರದ ಕಾರ್ಡುಗಳನ್ನು ಕತ್ತರಿಸಿ, 7.30ಕ್ಕೆ ಶಾಲೆಯಲ್ಲಿರುತ್ತಿದ್ದರು. ಒಪ್ಪಂದದಲ್ಲಿದ್ದದ್ದು ವಾರಕ್ಕೆ 18 ಪೀರಿಯಡ್. ರಜೆ ಹಾಕಿದ ಶಿಕ್ಷಕರ ತರಗತಿಗಳೂ ಸೇರಿ ಅವರು ತೆಗೆದುಕೊಳ್ಳುತ್ತಿದ್ದುದು 29. ಬಿಡುವಿನಲ್ಲಿ ಮುಖ್ಯೋಪಾಧ್ಯಾಯರ ಇಂಗ್ಲಿಷ್ ಪತ್ರಗಳನ್ನು ಬರೆದುಕೊಡಬೇಕು, ಸಂಜೆ ಮನೆಮಾಲೀಕರ ಮಗನನ್ನು ಕೆಲಸದ ಸಂದರ್ಶನಕ್ಕೆ ತಯಾರು ಮಾಡಬೇಕು, ಅದು ಮುಗಿಯುವ ಹೊತ್ತಿಗೆ ಅಕ್ಕಪಕ್ಕದ ಮಕ್ಕಳು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಪಾಲಕರೊಬ್ಬರು ದುಡ್ಡು ಕೊಡಲು ಬಂದಾಗ, ತಮ್ಮ ವೀಸಾದಲ್ಲಿ ಹಣ ಪಡೆದು ಪಾಠ ಹೇಳಲು ಅವಕಾಶವಿಲ್ಲವೆಂದು ಬೇಡವೆಂದರಂತೆ. ಆದರೆ ದುಡ್ಡು ಬೇಡವೆಂದಷ್ಟು ಸುಲಭವಾಗಿ ಪಾಠ ಆಗದು ಎನ್ನಲು ಅವರಿಗೆ ಬಾಯಿ ಬರಲಿಲ್ಲ.

“ಬಂದಿರೋದೇ ಸೇವೆಗೆ. ಆಗಲ್ಲ ಅಂತ ಹೇಗೆ ಹೇಳಲಿ?” ಎಂಬ ಅವರ ಪ್ರಶ್ನೆಯಲ್ಲಿಯೇ ಪ್ರಕರಣದ ಅರ್ಧ ಭಾಗವಿತ್ತು. ಸಂಬಳದ ಕೆಲಸಕ್ಕಾದರೆ ಇಷ್ಟು ಹಣಕ್ಕೆ ಇಷ್ಟು ಗಂಟೆ ಎಂಬ ಲೆಕ್ಕವಿರುತ್ತದೆ. ಸಂಬಳವಿಲ್ಲದವರು ಆ ಲೆಕ್ಕವನ್ನು ತಾವೇ ಹಾಕಿಕೊಳ್ಳದಿದ್ದರೆ, ಕೇಳುವವರು ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳುತ್ತಲೇ ಹೋಗುತ್ತಾರೆ.

ಇನ್ನರ್ಧ ನನ್ನ ಗಮನಕ್ಕೆ ಬಂದದ್ದು ಮೂರನೆಯ ಭೇಟಿಯಲ್ಲಿ. ಅವರು ದಿನವಿಡೀ ಆಡುತ್ತಿದ್ದುದು ಮಕ್ಕಳಿಗೆ ತಿಳಿಯಲೆಂದು ಕತ್ತರಿಸಿ ಚಿಕ್ಕದಾಗಿಸಿದ, ಕೈಸನ್ನೆ ಬೆರೆತ ಇಂಗ್ಲಿಷನ್ನು. ಊರಿನವರೊಡನೆ ಆಡಲು ಸ್ಥಳೀಯ ಭಾಷೆಯ ನಲವತ್ತೋ ಐವತ್ತೋ ಪದಗಳಷ್ಟೇ ಗೊತ್ತಿದ್ದವು. ಒಂದು ರಾತ್ರಿ ಫೋನಿನಲ್ಲಿ ತಾಯಿ, “ಯಾಕೇ, ನನ್ನ ಹತ್ರಾನೂ ಹೀಗೆ ಬಿಡಿಸಿ ಬಿಡಿಸಿ ಮಾತಾಡ್ತೀಯ?” ಎಂದು ನಕ್ಕರಂತೆ. “ಅಮ್ಮ ನಕ್ಕರು, ನನಗೆ ಭಯವಾಯಿತು. ಇಲ್ಲಿ ನಾನು ಒಂದು ತಮಾಷೆ ಮಾಡಿ ಐದು ತಿಂಗಳಾಯಿತು ಮೇಡಂ. ನಾನು ತಮಾಷೆ ಮಾಡೋವಳು ಅಂತ ಇಲ್ಲಿ ಒಬ್ಬರಿಗೂ ಗೊತ್ತಿಲ್ಲ.” ಈ ಮಾತನ್ನು ನನ್ನ ಕಡತದ ಅಂಚಿನಲ್ಲಿ ಬೇರೆಯಾಗಿ ಬರೆದಿಟ್ಟುಕೊಂಡಿದ್ದೇನೆ, ಏಕೆಂದರೆ ಇಂಥವರ ಒಂಟಿತನವನ್ನು ಮನೆಯ ನೆನಪು ಎಂದಷ್ಟೇ ತಿಳಿದು ಮುಂದೆ ಸಾಗಿಬಿಡುವ ತಪ್ಪನ್ನು ನಾನೂ ಮಾಡಿದ್ದೆ.

ಆ ತಪ್ಪು ಹೀಗಾಯಿತು. ಖಿನ್ನತೆಯ ತೀವ್ರತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ ಅವರ ಅಂಕ 11 ಬಂದಿತ್ತು, ಅಂದರೆ ಮಧ್ಯಮ ಮಟ್ಟ. ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತ ಒಂಬತ್ತನೆಯ ಪ್ರಶ್ನೆಗೆ ಇಲ್ಲವೆಂದು ಗುರುತು ಹಾಕಿದ್ದರೂ, ಅದನ್ನು ನೇರವಾಗಿ ಬಾಯಿಮಾತಿನಲ್ಲಿಯೂ ಕೇಳಿ ಖಚಿತಪಡಿಸಿಕೊಂಡೆ. ನಿದ್ರೆ ಕೆಟ್ಟಿತ್ತು, ಮನೆಗೆ ಕರೆ ಮಾಡಿದ ನಂತರವೂ ರಾತ್ರಿ ಒಂದರವರೆಗೆ ಫೋನು ಕೈಯಲ್ಲಿರುತ್ತಿತ್ತು. ಹಾಗಾಗಿ ದಿನವೂ ಮಾಡುವ ಕರೆಯನ್ನು ವಾರಕ್ಕೆ ಎರಡಕ್ಕೆ ಇಳಿಸಿ, ಆ ಹೊತ್ತನ್ನು ಅಲ್ಲಿನವರೊಂದಿಗೆ ಕಳೆಯಿರಿ ಎಂದು ಸಲಹೆ ಕೊಟ್ಟೆ. ಎರಡು ವಾರದಲ್ಲಿ ಅವರ ಸ್ಥಿತಿ ಇನ್ನಷ್ಟು ಇಳಿಯಿತು. ಅವರು ಪೂರ್ಣ ವಾಕ್ಯಗಳಲ್ಲಿ, ತಮ್ಮದೇ ವೇಗದಲ್ಲಿ ಮಾತನಾಡುತ್ತಿದ್ದ ಅರ್ಧ ಗಂಟೆ ಅದೊಂದೇ ಆಗಿತ್ತು, ಅದನ್ನೇ ನಾನು ಕಿತ್ತುಕೊಂಡಿದ್ದೆ. ತಪ್ಪನ್ನು ಅವರೆದುರೇ ಒಪ್ಪಿಕೊಂಡು ಸಲಹೆಯನ್ನು ಬದಲಿಸಿದೆ: ಕರೆ ದಿನವೂ ಇರಲಿ, ನಿಗದಿತ ಹೊತ್ತಿಗೆ, ಅರ್ಧ ಗಂಟೆ, ಕರೆ ಮುಗಿದ ಮೇಲೆ ಸ್ನೇಹಿತರ ಫೋಟೊಗಳನ್ನು ಒಂದರ ಹಿಂದೊಂದು ಸರಿಸುತ್ತಾ ಕೂರುವುದಕ್ಕೆ ಮಾತ್ರ ತಡೆ.

ತಮ್ಮಲ್ಲೇ ಏನೋ ಕೊರತೆಯಿದೆ ಎಂಬ ಅವರ ನಂಬಿಕೆ ಸಡಿಲಾಗಲೆಂದು ಕೆಲವು ಸಂಗತಿಗಳನ್ನು ತಿಳಿಸಿದೆ. ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನ ಪಡೆದು ನಾರ್ವೆಯಿಂದ ಅಮೆರಿಕಕ್ಕೆ ಹೋಗಿಬಂದವರನ್ನು ಕುರಿತು ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ ಮಾಡಿದ 1955ರ ಅಧ್ಯಯನದಲ್ಲಿ, 6ರಿಂದ 18 ತಿಂಗಳು ಅಲ್ಲಿದ್ದವರು ಅದಕ್ಕಿಂತ ಕಡಿಮೆ ಅಥವಾ ಹೆಚ್ಚು ಕಾಲ ಇದ್ದವರಿಗಿಂತ ಕಡಿಮೆ ಹೊಂದಿಕೊಂಡಿದ್ದರು. ಎಲ್ಲರ ಅನುಭವವೂ ಹೀಗೆ ನಡುವೆ ಇಳಿದು ಮತ್ತೆ ಏರುವ ಗೆರೆಯಂತೆಯೇ ಸಾಗುವುದಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿವೆಯಾದರೂ, ನಡುವಿನ ತಿಂಗಳುಗಳು ಇತರರಿಗೂ ಭಾರವಾಗಿದ್ದವು ಎಂಬುದೇ ಅವರಿಗೆ ಸಮಾಧಾನ ತಂದಿತು. 1961ರಿಂದ ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳುಹಿಸುತ್ತಿರುವ ಅಮೆರಿಕದ ಪೀಸ್ ಕೋರ್‌ನಲ್ಲಿ ಎರಡು ವರ್ಷದ ಸೇವೆಗೆ ಮುನ್ನ ಸುಮಾರು ಮೂರು ತಿಂಗಳ ಭಾಷೆ ಮತ್ತು ಸ್ಥಳೀಯ ರೀತಿನೀತಿಗಳ ತರಬೇತಿ ಇರುತ್ತದೆ. ನನ್ನ ಸಲಹಾರ್ಥಿಗೆ ಸಿಕ್ಕಿದ್ದು ನಾಲ್ಕು ದಿನ.

ಗಡಿ ಹಾಕಿಕೊಳ್ಳುವ ಕೆಲಸವನ್ನು ಒಪ್ಪಂದದ ಕಾಗದದಿಂದಲೇ ಆರಂಭಿಸಿದೆವು. ಅದನ್ನು ತೆರೆದಿಟ್ಟುಕೊಂಡು, ಮೊದಲು ಕಾರ್ಯಕ್ರಮದ ಸಂಯೋಜಕರಿಗೆ, ಆಮೇಲೆ ಶಾಲೆಗೆ ಹೇಳಬೇಕಾದ ಮಾತನ್ನು ಬರೆದು, ನಾನು ಮುಖ್ಯೋಪಾಧ್ಯಾಯನಾಗಿ ನಟಿಸಿ ನಾಲ್ಕು ಸಲ ಹೇಳಿಸಿದೆ. ಮೊದಲ ಮೂರು ಸಲವೂ ಅವರ ವಾಕ್ಯ ಕ್ಷಮೆಯಿಂದ ಶುರುವಾಗಿ ‘ಆದರೂ ಪರವಾಗಿಲ್ಲ’ ಎಂಬಲ್ಲಿ ಮುಗಿಯಿತು. ನಾಲ್ಕನೆಯ ಸಲ ಉಳಿದದ್ದು ಇಷ್ಟೇ: “ವಾರಕ್ಕೆ 18 ಪೀರಿಯಡ್ ಚೆನ್ನಾಗಿ ಮಾಡುತ್ತೇನೆ, ಎರಡು ಸಂಜೆ ಒಂದೊಂದು ಗಂಟೆ ಮಕ್ಕಳಿಗೆ ಕೊಡುತ್ತೇನೆ, ಉಳಿದ ಹೊತ್ತು ನನಗೆ ಬೇಕು.” ನಿಜವಾದ ಮುಖ್ಯೋಪಾಧ್ಯಾಯರು 18 ಎಂಬ ಸಂಖ್ಯೆಯನ್ನೇ ನೋಡಿರಲಿಲ್ಲವಂತೆ, ಈಕೆ ಉತ್ಸಾಹದಿಂದ ತಾವಾಗಿಯೇ ಹೆಚ್ಚು ತರಗತಿ ತೆಗೆದುಕೊಳ್ಳುತ್ತಿದ್ದಾರೆಂದು ಭಾವಿಸಿದ್ದರು. ಶಿಕ್ಷಕರೊಬ್ಬರು ಕೆಲವು ದಿನ ಮುಖ ಕೊಟ್ಟು ಮಾತನಾಡಲಿಲ್ಲ. ಅದನ್ನು ಸರಿಪಡಿಸಲು ಓಡಬೇಡಿ ಎಂದೆ.

ತರಗತಿಯ ಮೌನವೂ ಅವರನ್ನು ಕಾಡುತ್ತಿತ್ತು. ಪ್ರಶ್ನೆ ಕೇಳಿದರೆ 55 ಮಕ್ಕಳೂ ಮೇಜು ನೋಡುತ್ತಾರೆ, ನಾನು ಅವರಿಗೆ ಬೇಡವಾಗಿದ್ದೇನೆ ಎಂಬುದು ಅವರ ತೀರ್ಮಾನ. ತರಗತಿಯ ಹತ್ತು ನಿಮಿಷದ ಧ್ವನಿಯನ್ನು ಶಾಲೆಯ ಅನುಮತಿಯೊಂದಿಗೆ ಮುದ್ರಿಸಿ, ತಾವೇ ಕೇಳಿಕೊಳ್ಳುವಂತೆ ಹೇಳಿದೆ. ಪ್ರಶ್ನೆ ಕೇಳಿದ ಒಂದೇ ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುತ್ತಿರುವುದು ಅವರ ಕಿವಿಗೇ ಬಿತ್ತು. 1970ರ ದಶಕದಲ್ಲಿ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಮೆರಿಕದ ತರಗತಿಗಳಲ್ಲಿ ಕಂಡದ್ದೂ ಇದನ್ನೇ: ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು, ಅದನ್ನು ಮೂರಕ್ಕೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಕೇಳದೆಯೇ ಮಾತನಾಡುವವರು ಹೆಚ್ಚಾದರು. ಪರಭಾಷೆಯ ಉತ್ತರಕ್ಕೆ ಮೂರೂ ಸಾಲದು. ಮನಸ್ಸಿನಲ್ಲಿ ಕನ್ನಡದಲ್ಲಿ ಒಂದರಿಂದ ಐದರವರೆಗೆ ಎಣಿಸಿ ಎಂದೆ. ನಾಲ್ಕನೆಯ ದಿನ, ಎಣಿಕೆ ನಾಲ್ಕಕ್ಕೆ ಬಂದಾಗ, ಕಿಟಕಿಯ ಪಕ್ಕದ ಹುಡುಗನೊಬ್ಬ “ಟೀಚರ್, ಎಸ್ಟರ್‌ಡೇ ರೇನ್ ನೋ ಕಮ್” ಎಂದನಂತೆ. ತಪ್ಪು ಎನ್ನದೆ, “ಎಸ್, ಇಟ್ ಡಿಡಂಟ್ ರೇನ್ ಎಸ್ಟರ್‌ಡೇ” ಎಂದು ಅವನ ಮಾತನ್ನೇ ಸರಿಯಾದ ರೂಪದಲ್ಲಿ ಮರಳಿಸಿದೆ ಎಂದು ಹೇಳುವಾಗ ಅವರ ದನಿ ಬದಲಾಗಿತ್ತು.

ಬಿಡುವಾದ ಸಂಜೆಗಳಲ್ಲಿ ಒಂದನ್ನು ಸ್ಥಳೀಯ ಭಾಷೆ ಕಲಿಯಲು ಇಟ್ಟುಕೊಂಡರು. ಕಲಿಸುವವಳು ಪಕ್ಕದ ಮನೆಯ ಹನ್ನೆರಡು ವರ್ಷದ ಹುಡುಗಿ, ತಪ್ಪಿದರೆ ಧಾರಾಳವಾಗಿ ನಗುವವಳು. ಆ ಭಾಷೆಯಲ್ಲಿ ಅವರು ಮಾಡಿದ ಮೊದಲ ತಮಾಷೆ ಯಾರಿಗೂ ಅರ್ಥವಾಗಲಿಲ್ಲವೆಂದು ನನಗೆ ಹೇಳಿ, ತಾವೇ ಬಹಳ ಹೊತ್ತು ನಕ್ಕರು.

ನಡುವೆಯೇ ಮರಳಿದರೆ ಅದು ಸೋಲಲ್ಲವೆಂದು ಮೊದಲಿಗೇ ಹೇಳಿದ್ದೆ. ಪಿಎಚ್‌ಕ್ಯೂ-9 ಅಂಕ 15 ದಾಟಿದರೆ, ಅಥವಾ ಎರಡು ವಾರ ಸತತವಾಗಿ ನಿದ್ರೆ ನಾಲ್ಕು ಗಂಟೆಗಿಂತ ಕಡಿಮೆಯಾದರೆ, ಕೂಡಲೇ ಸಂಯೋಜಕರಿಗೆ ತಿಳಿಸಿ ಅಲ್ಲಿಯೇ ಮನೋವೈದ್ಯರನ್ನು ಕಾಣುವುದೆಂದೂ ಮಾತಾಗಿತ್ತು. ಅದರ ಅಗತ್ಯ ಬೀಳಲಿಲ್ಲ. ಒಂಬತ್ತನೆಯ ತಿಂಗಳಲ್ಲಿ ಅಂಕ 5ಕ್ಕೆ ಇಳಿದಿದೆ. ಇನ್ನೂ ಮೂರು ತಿಂಗಳು ಇರುವಿರಾ ಎಂದು ಸಂಸ್ಥೆ ಕೇಳಿದಾಗ, ನನ್ನನ್ನು ಕೇಳದೆಯೇ, ‘ಆಗುವುದಿಲ್ಲ’ ಎಂದು ಬರೆದು ಕಳುಹಿಸಿದ್ದಾರೆ. ಮರಳಿ ಬಂದ ಮೇಲೂ ಇಂಥದೇ ಇಳಿತವೊಂದು ಬರಬಹುದೆಂದು ಸಂಶೋಧಕರಾದ ಗಲ್ಲಹಾರ್ನ್ ದಂಪತಿ 1963ರಲ್ಲಿಯೇ ಗುರುತಿಸಿದ್ದರಿಂದ, ಊರಿಗೆ ಬಂದ ಎರಡನೆಯ ವಾರಕ್ಕೆ ಒಂದು, ಆರನೆಯ ವಾರಕ್ಕೆ ಒಂದು ಭೇಟಿಯನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇವೆ.